ಗೊತ್ತಿತ್ತು, ಗೊತ್ತಾಯಿತು: ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಭೂತಕಾಲ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ಕೆಲವು ತಿಂಗಳು ಹೆಚ್ಚು ಕಷ್ಟವಾಗುವುದಿಲ್ಲ. ಬರೆದಂತೆ ಓದುವ ಭಾಷೆ ಅದು. ಕನ್ನಡದವರಿಗೆ ಅದರ ‘ತ’ಕಾರ, ‘ದ’ಕಾರಗಳೂ ಅಪರಿಚಿತವಲ್ಲ. ವರ್ತಮಾನ ಕಾಲ ಮುಗಿದು ಭೂತಕಾಲದ ಪಾಠ ಬಂದಾಗ ತರಗತಿಯ ವೇಗ ತಗ್ಗುತ್ತದೆ. ‘ಅವನು ಹೋದ’ ಎನ್ನಲು ಅಲ್ಲಿ ‘ಫುಎ’ ಎಂಬ ಒಂದು ರೂಪವಿದೆ, ‘ಈಬಾ’ ಎಂಬ ಇನ್ನೊಂದಿದೆ. ಎರಡಕ್ಕೂ ಇಂಗ್ಲಿಷ್ ಪಠ್ಯಪುಸ್ತಕ ಕೊಡುವ ಅರ್ಥ ಒಂದೇ: ‘ವೆಂಟ್’. ಯಾವುದನ್ನು ಎಲ್ಲಿ ಹೇಳಬೇಕು ಎಂಬ ಪ್ರಶ್ನೆ ಅಲ್ಲಿಂದ ಹಲವು ತಿಂಗಳು, ಕೆಲವರಿಗೆ ಹಲವು ವರ್ಷ, ಬೆನ್ನು ಬಿಡುವುದಿಲ್ಲ.

ದಕ್ಷಿಣ ಭಾರತದಲ್ಲಿ ಈ ಪ್ರಶ್ನೆಯನ್ನು ಎದುರಿಸುವ ಮುಖ್ಯ ಸ್ಥಳಗಳಲ್ಲಿ ಹೈದರಾಬಾದ್ ಒಂದು. ತಾರ್ನಾಕದ ಬಳಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ. ಅಲ್ಲಿ ಸ್ಪ್ಯಾನಿಷ್ ಕಲಿಯುವವರ ಮನೆಮಾತು ತೆಲುಗು, ಉರ್ದು, ಹಿಂದಿ, ಮಲಯಾಳ, ಕನ್ನಡ, ಹೀಗೆ ಏನೂ ಆಗಿರಬಹುದು. ಸ್ಪ್ಯಾನಿಷ್‌ನ ಹೊಸ್ತಿಲವರೆಗೆ ಅವರನ್ನು ಕರೆತರುವ ಭಾಷೆ ಮಾತ್ರ ಸಾಮಾನ್ಯವಾಗಿ ಇಂಗ್ಲಿಷ್. ಇಂಗ್ಲಿಷಿನ ಮೂಲಕ ಬಂದವರಿಗೆ ಕಠಿಣವಾಗಿ ಕಾಣುವ ಈ ಭೂತಕಾಲ, ಅವರ ಮನೆಮಾತಿನಿಂದ ನೇರವಾಗಿ ಬಂದಿದ್ದರೆ ಅಷ್ಟು ಕಠಿಣವಾಗುತ್ತಿರಲಿಲ್ಲ. ಇದೇ ಊರಿನಲ್ಲಿ ಒಂದು ಕಾಲಕ್ಕೆ ಶಾಲೆಯ ಹುಡುಗರು ಈ ಭೂತಕಾಲಗಳಿಗೆಲ್ಲ ಹೆಸರು ಹೇಳುತ್ತಿದ್ದರು ಎಂಬುದು ಇನ್ನೂ ಕುತೂಹಲದ ಸಂಗತಿ.

ಮೊದಲು ಸ್ಪ್ಯಾನಿಷ್‌ನ ಕಡೆಯಿಂದಲೇ ನೋಡಬಹುದು. ಅದರ ಭೂತಕಾಲದ ಮುಖ್ಯ ರೂಪಗಳು ಲ್ಯಾಟಿನ್‌ನಿಂದ ಬಂದವು. ಲ್ಯಾಟಿನ್‌ನ ‘ಕಾಂತಾವಿ’ ಸವೆದು ‘ಕಾಂತೇ’ ಆಯಿತು, ಅಂದರೆ ‘ಹಾಡಿದೆ’. ‘ಕಾಂತಾಬಾಮ್’ ಹೆಚ್ಚೇನೂ ಬದಲಾಗದೆ ‘ಕಾಂತಾಬಾ’ ಆಯಿತು, ಅಂದರೆ ‘ಹಾಡುತ್ತಿದ್ದೆ’. ಮೂರನೆಯದೊಂದನ್ನು ಜನ ಹೊಸದಾಗಿ ಕಟ್ಟಿಕೊಂಡರು. ‘ನನ್ನ ಬಳಿ ಇದೆ’ ಎಂಬ ಅರ್ಥದ ಕ್ರಿಯಾಪದದ ಜೊತೆ ‘ಹಾಡಿದ’ ಎಂಬ ಕೃದಂತವನ್ನು ಸೇರಿಸಿದರು. ಅದು ‘ಎ ಕಾಂತಾದೋ’, ಅಂದರೆ ‘ಹಾಡಿದ್ದೇನೆ’. ಕನ್ನಡವೂ ಇಂಥದೇ ಜೋಡಣೆ ಮಾಡಿತು. ‘ಹಾಡಿ’ ಎಂಬುದರ ಮುಂದೆ ‘ಇದ್ದೇನೆ’ ಸೇರಿ ‘ಹಾಡಿದ್ದೇನೆ’ ಆಯಿತು. ಸ್ಪ್ಯಾನಿಷಿನವರು ‘ಹೊಂದು’ ಎಂಬ ಅರ್ಥದ ಧಾತುವನ್ನು ಬಳಸಿದ ಕಡೆ ಕನ್ನಡದವರು ‘ಇರು’ ಧಾತುವನ್ನು ಬಳಸಿದರು, ಅಷ್ಟೇ ವ್ಯತ್ಯಾಸ.

ಈ ರೂಪಗಳಿಗೆ ಹೆಸರಿಡುವ ಕೆಲಸ 1492ರಲ್ಲಿ ನಡೆಯಿತು. ಸಲಮಾಂಕಾದ ವಿದ್ವಾಂಸ ಆಂತೋನಿಯೋ ದೆ ನೆಬ್ರಿಹಾ ಆ ವರ್ಷ ಕ್ಯಾಸ್ಟಿಲಿಯನ್ ಭಾಷೆಯ ವ್ಯಾಕರಣವನ್ನು ಅಚ್ಚು ಹಾಕಿಸಿ ರಾಣಿ ಇಸಾಬೆಲ್‌ಗೆ ಅರ್ಪಿಸಿದ. ಯೂರೋಪಿನ ಆಡುಮಾತೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣಗಳ ಸಾಲಿನಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ಅದರ ಐದನೆಯ ಹಾಗೂ ಕೊನೆಯ ಭಾಗವನ್ನು ಬೇರೆ ಭಾಷೆಯಿಂದ ಸ್ಪ್ಯಾನಿಷ್‌ಗೆ ಬರುವವರಿಗಾಗಿಯೇ ಬರೆಯಲಾಗಿತ್ತು. ಪರಭಾಷಿಕರ ಕಷ್ಟ ಅಂದೇ ವ್ಯಾಕರಣಕಾರನ ಗಮನದಲ್ಲಿತ್ತು ಎಂದಾಯಿತು. ನೆಬ್ರಿಹಾ ಭೂತಕಾಲಗಳಿಗೆ ಇಟ್ಟ ಹೆಸರುಗಳು ಸರಳವಾದವು: ‘ಮುಗಿಯದ ಭೂತ’, ‘ಮುಗಿದ ಭೂತ’, ‘ಮುಗಿದುದಕ್ಕಿಂತಲೂ ಹೆಚ್ಚು ಮುಗಿದ ಭೂತ’. ಲ್ಯಾಟಿನ್ ಪಾರಿಭಾಷಿಕ ಪದಗಳನ್ನು ಅವನು ತನ್ನ ಜನರ ಮಾತಿಗೆ ತಿರುಗಿಸಿದ್ದ. ಮುಂದೆ ಆ ಪದಗಳು ಬಿದ್ದುಹೋಗಿ ಲ್ಯಾಟಿನ್ ಹೆಸರುಗಳೇ ಮತ್ತೆ ಬಂದವು. ಇಂದಿನ ವಿದ್ಯಾರ್ಥಿ ಕೇಳುವುದು ‘ಇಂಪೆರ್ಫೆಕ್ತೋ’ ಎಂಬ ಹೆಸರನ್ನು. ಇಂಗ್ಲಿಷಿನ ಕಿವಿಗೆ ಅದು ‘ಏನೋ ಕೊರತೆಯಿರುವ ಕಾಲ’ ಎಂಬಂತೆ ಕೇಳುತ್ತದೆ. ಅದರ ಮೂಲ ಅರ್ಥ ‘ಮುಗಿಯದ್ದು’ ಎಂದಷ್ಟೇ.

ಇನ್ನೊಂದು ಹೆಸರಿಡುವ ಪ್ರಯತ್ನ 1847ರಲ್ಲಿ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಆಯಿತು. ಆಂದ್ರೆಸ್ ಬೆಯ್ಯೋ ಹುಟ್ಟಿದ್ದು ಕರಾಕಾಸ್‌ನಲ್ಲಿ. ಬದುಕಿನ ಕೊನೆಯ ದಶಕಗಳನ್ನು ಅವರು ಚಿಲಿಯಲ್ಲಿ ಕಳೆದರು, ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥರಾದರು. ಅಮೆರಿಕ ಖಂಡದವರ ಬಳಕೆಗೆಂದು ಅವರು ಬರೆದ ವ್ಯಾಕರಣ ಲ್ಯಾಟಿನ್ ಅಚ್ಚಿಗೆ ಸ್ಪ್ಯಾನಿಷನ್ನು ತುರುಕುವುದನ್ನು ವಿರೋಧಿಸಿತು. ‘ಕಾಂತಾಬಾ’ಗೆ ಅವರು ಇಟ್ಟ ಹೆಸರು ‘ಕೋಪ್ರೆತೆರಿತೋ’, ಅಂದರೆ ‘ಸಹಭೂತ’: ಇನ್ನೊಂದು ಘಟನೆ ನಡೆದಾಗ ಜೊತೆಗೆ ನಡೆಯುತ್ತಿದ್ದದ್ದು. ಮೆಕ್ಸಿಕೋದ ಶಾಲೆಗಳಲ್ಲಿ ಈ ಹೆಸರು ಇಂದಿಗೂ ಬಳಕೆಯಲ್ಲಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದನ್ನು ಬಲ್ಲವರಿಗೆ ಬೆಯ್ಯೋ ಅವರ ಹಟ ತಕ್ಷಣ ಅರ್ಥವಾಗುತ್ತದೆ. ಒಂದು ಭಾಷೆಯ ಕಾಲಗಳನ್ನು ಮತ್ತೊಂದು ಭಾಷೆಯ ಹೆಸರುಗಳಿಂದ ಕಲಿಸಿದರೆ ಕಲಿಯುವವನಿಗೆ ಕಾಣುವುದು ಆ ಮತ್ತೊಂದು ಭಾಷೆಯೇ.

ಹೈದರಾಬಾದಿನ ಕಥೆಯಲ್ಲಿಯೂ ಇದೇ ತೊಡಕು ಇದೆ. ಈ ಊರಿಗೆ ಪರಭಾಷೆಯ ಭೂತಕಾಲವನ್ನು ಕಲಿತು ತನ್ನದಾಗಿಸಿಕೊಂಡ ಹಳೆಯ ಅಭ್ಯಾಸವಿದೆ. ದೆಹಲಿ, ಲಖನೌಗಳ ಉರ್ದುವಿನಲ್ಲಿ ಸಕರ್ಮಕ ಕ್ರಿಯಾಪದದ ಮುಗಿದ ಭೂತಕಾಲ ಬಂತೆಂದರೆ ಕರ್ತೃವಿಗೆ ‘ನೇ’ ಎಂಬ ಪ್ರತ್ಯಯ ಅಂಟುತ್ತದೆ. ‘ಮೈನೇ ಕಹಾ’ ಎನ್ನಬೇಕು, ‘ಮೈನೇ ರೋಟಿ ಖಾಯಿ’ ಎನ್ನಬೇಕು. ಆಗ ಕ್ರಿಯಾಪದ ತಿಂದವನನ್ನು ಬಿಟ್ಟು ರೊಟ್ಟಿಯ ಲಿಂಗಕ್ಕೆ ಹೊಂದಿಕೊಳ್ಳುತ್ತದೆ. ಹೈದರಾಬಾದಿನ ದಖ್ಖನಿ ಈ ‘ನೇ’ಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ಅಲ್ಲಿ ‘ಮೈ ಬೋಲಾ’, ‘ಹಮ್ ಬೋಲೆ’. ಸುತ್ತಲಿನ ತೆಲುಗು, ಕನ್ನಡಗಳಲ್ಲಿ ಇಂಥ ಪ್ರತ್ಯಯವಿಲ್ಲ. ಅವುಗಳ ಒಡನಾಟವೇ ಇದಕ್ಕೆ ಕಾರಣವೆಂದು ಭಾಷಾತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ‘ಎಂದು’ ಎನ್ನುವುದನ್ನು ‘ಬೋಲ್ಕೆ’ ಎಂದು ದಖ್ಖನಿಗೆ ತಂದುಕೊಂಡದ್ದೂ ಇದೇ ದಾರಿಯಲ್ಲಿ. ದೆಹಲಿಯವರು ಇದನ್ನು ತಪ್ಪು ಉರ್ದು ಎಂದು ನಕ್ಕರು. ಮನೆಮಾತಿನ ಮೂಲಕ ಹೊಸ ಭಾಷೆಯನ್ನು ಹಿಡಿದ ಜನರ ಜಾಣತನ ಅದರಲ್ಲಿ ಅವರಿಗೆ ಕಾಣಲಿಲ್ಲ.

ನಂತರ ಬಂದದ್ದು ಉಸ್ಮಾನಿಯಾ ವಿಶ್ವವಿದ್ಯಾಲಯ. 1918ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣದ ಮಾಧ್ಯಮ ಉರ್ದು. ಇಂಗ್ಲಿಷ್ ಒಂದು ಕಡ್ಡಾಯ ವಿಷಯವಾಗಿತ್ತು, ಆದರೆ ಬೋಧನೆಯ ಭಾಷೆಯಾಗಿರಲಿಲ್ಲ. ವಿಜ್ಞಾನ, ಇತಿಹಾಸ, ಕಾನೂನುಗಳ ಪುಸ್ತಕಗಳನ್ನು ಉರ್ದುವಿಗೆ ತರಲು ಅದಕ್ಕೂ ಒಂದು ವರ್ಷ ಮೊದಲೇ ಭಾಷಾಂತರ ವಿಭಾಗ ಆರಂಭವಾಗಿತ್ತು. ಆರಂಭದ ದಿನಗಳಲ್ಲಿ ಅದರ ಹೊಣೆ ಹೊತ್ತ ಮೌಲ್ವಿ ಅಬ್ದುಲ್ ಹಖ್ ಸ್ವತಃ ಉರ್ದು ವ್ಯಾಕರಣ ಬರೆದವರು. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ಜ್ಞಾನವನ್ನೆಲ್ಲ ಕಲಿಸಬಹುದು ಎಂಬ ಆ ಪ್ರಯೋಗ ದೇಶದಲ್ಲೇ ದೊಡ್ಡದು. ಅದರೊಳಗೊಂದು ವಿಪರ್ಯಾಸವೂ ಇತ್ತು. ನಿಜಾಮ ಸಂಸ್ಥಾನದ ಬಹುಸಂಖ್ಯಾತರ ಮನೆಮಾತು ಉರ್ದು ಆಗಿರಲಿಲ್ಲ. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಂದ ಹೈದರಾಬಾದಿಗೆ ಓದಲು ಹೋದ ಕನ್ನಡದ ಹುಡುಗರಿಗೆ ‘ಸ್ವಭಾಷೆ’ಯ ಈ ವಿಶ್ವವಿದ್ಯಾಲಯವೂ ಪರಭಾಷೆಯದೇ.

ಆದರೆ ಉರ್ದು ವ್ಯಾಕರಣ ಕಲಿತವರಿಗೆ ಒಂದು ಲಾಭವಾಯಿತು. ಅರಬ್ಬಿ, ಪಾರಸಿ ಪದಗಳಲ್ಲಿ ಬೆಳೆದು ಬಂದ ಉರ್ದು ವ್ಯಾಕರಣ ಭೂತಕಾಲವನ್ನು ‘ಮಾಜಿ’ ಎನ್ನುತ್ತದೆ, ಅದನ್ನು ಆರು ಬಗೆಯಾಗಿ ಎಣಿಸುತ್ತದೆ. ಅವುಗಳಲ್ಲಿ ನಾಲ್ಕು ಇಲ್ಲಿ ಮುಖ್ಯ. ‘ಗಾಯಾ’ ಎಂಬುದು ಮಾಜಿ ಮುತ್ಲಖ್, ಬರಿಯ ಭೂತ. ‘ಗಾಯಾ ಹೈ’ ಮಾಜಿ ಖರೀಬ್, ಹತ್ತಿರದ ಭೂತ. ‘ಗಾಯಾ ಥಾ’ ಮಾಜಿ ಬಯೀದ್, ದೂರದ ಭೂತ. ‘ಗಾತಾ ಥಾ’ ಮಾಜಿ ಇಸ್ತಿಮ್ರಾರಿ, ನಡೆಯುತ್ತಲೇ ಇದ್ದ ಭೂತ. ಇವನ್ನು ಕನ್ನಡದ ಪಕ್ಕ ಇಟ್ಟರೆ ಹಾಡಿದ, ಹಾಡಿದ್ದಾನೆ, ಹಾಡಿದ್ದ, ಹಾಡುತ್ತಿದ್ದ. ಸ್ಪ್ಯಾನಿಷ್‌ನ ಪಕ್ಕ ಇಟ್ಟರೆ ಕಾಂತೋ, ಆ ಕಾಂತಾದೋ, ಅಬಿಯಾ ಕಾಂತಾದೋ, ಕಾಂತಾಬಾ. ಬೀದರ, ಕಲಬುರಗಿ ಕಡೆಯ ಆಡುಮಾತಿನಲ್ಲಿ ಈ ವ್ಯತ್ಯಾಸ ಇನ್ನೂ ಚೊಕ್ಕವಾಗಿ ಕೇಳುತ್ತದೆ: ‘ಬಂದ’, ‘ಬಂದಾನ’, ‘ಬಂದಿದ್ದ’, ‘ಬರತಿದ್ದ’. ಸಂಸ್ಥಾನದ ಶಾಲೆಯಲ್ಲಿ ಉರ್ದು ವ್ಯಾಕರಣ ಬಾಯಿಪಾಠ ಮಾಡಿದ ತಲೆಮಾರಿನ ಕೈಗೆ ಸ್ಪ್ಯಾನಿಷ್ ಪುಸ್ತಕ ಬಂದಿದ್ದರೆ ಈ ಪಾಠಕ್ಕೆ ಅವರು ಹೆಚ್ಚು ಹೊತ್ತು ಕಳೆಯಬೇಕಿರಲಿಲ್ಲ.

ಆ ತಲೆಮಾರು ಸರಿದುಹೋಯಿತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು. ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದಾಗಿ ಎರಡು ವರ್ಷಕ್ಕೆ, 1958ರಲ್ಲಿ, ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಹುಟ್ಟಿತು. ದೇಶದ ಇಂಗ್ಲಿಷ್ ಅಧ್ಯಾಪಕರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ಕನ್ನಡದ ಕವಿ ವಿ. ಕೃ. ಗೋಕಾಕ್. ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಕನ್ನಡದ ಲೇಖಕರಾಗಿ ಎರಡು ಭಾಷೆಗಳಲ್ಲಿ ಬದುಕಿದವರು ಅವರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಭಾಷೆಯ ಸ್ಥಾನ ಬೇಕು ಎಂಬ 1981ರ ವರದಿಗೂ ಅದರ ಬೆನ್ನಿಗೆ ಬಂದ ಚಳವಳಿಗೂ ಅಂಟಿದ ಹೆಸರು ಇದೇ ಗೋಕಾಕರದು. ಇಂಗ್ಲಿಷ್ ಬೋಧನೆಯ ಸಂಸ್ಥೆಯನ್ನು ನಡೆಸಿದವರಿಂದಲೇ ಮನೆಮಾತು ಮೊದಲಿರಲಿ ಎಂಬ ವರದಿ ಬಂದದ್ದರಲ್ಲಿ ವಿರೋಧವೇನೂ ಇಲ್ಲ.

1972ರಲ್ಲಿ ಈ ಸಂಸ್ಥೆಯ ಹೆಸರಿಗೆ ‘ವಿದೇಶಿ ಭಾಷೆಗಳು’ ಎಂಬುದು ಸೇರಿಕೊಂಡಿತು. 2007ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ರಷ್ಯನ್, ಜರ್ಮನ್, ಫ್ರೆಂಚ್, ಅರಬ್ಬಿ, ಜಪಾನಿ ಭಾಷೆಗಳ ಜೊತೆ ಸ್ಪ್ಯಾನಿಷ್ ಕೂಡ ಇಲ್ಲಿ ಕಲಿಕೆಯ ವಿಷಯವಾಗಿದೆ. ಅನುವಾದ, ಅಧ್ಯಾಪನ, ಐಟಿ ಮತ್ತು ಗ್ರಾಹಕ ಸೇವೆಯ ಕಂಪನಿಗಳ ಕೆಲಸ ಇವೆಲ್ಲ ಈ ಕಲಿಕೆಗೆ ಪ್ರೇರಣೆ.

ಸಂಸ್ಥೆ ಹುಟ್ಟಿದ ಕಾಲದಲ್ಲಿ ಭಾಷಾ ಬೋಧನೆಯನ್ನು ಆಳುತ್ತಿದ್ದ ವಿಚಾರ ಒಂದಿತ್ತು. 1957ರಲ್ಲಿ ಅಮೆರಿಕದ ರಾಬರ್ಟ್ ಲಾಡೋ ಎರಡು ಭಾಷೆಗಳನ್ನು ಹೋಲಿಸಿ ನೋಡುವ ವಿಧಾನದ ಮೇಲೊಂದು ಪುಸ್ತಕ ಪ್ರಕಟಿಸಿದರು. ಮನೆಮಾತಿಗೆ ಹೋಲುವುದು ಸುಲಭ, ಹೋಲದಿರುವುದು ಕಷ್ಟ ಎಂಬುದು ಅದರ ಸಾರ. ಮಾತು ಎರಡೂ ಕಡೆಗೆ ಸಮವಾಗಿತ್ತು. ತರಗತಿಗೆ ಇಳಿಯುವಾಗ ಮಾತ್ರ ಒಂದು ಕಡೆ ಉಳಿದು ಇನ್ನೊಂದು ಕಡೆ ಬಿದ್ದುಹೋಯಿತು. ‘ಮಾತೃಭಾಷೆಯ ಅಡ್ಡಿ’ ಎಂಬುದು ಅಧ್ಯಾಪಕರ ಬಾಯಲ್ಲಿ ಉಳಿದ ಮಾತು. ‘ಮಾತೃಭಾಷೆಯ ನೆರವು’ ಎಂಬುದು ಅಷ್ಟಾಗಿ ಕೇಳಲಿಲ್ಲ. ವಿದ್ಯಾರ್ಥಿ ತಪ್ಪು ಮಾಡಿದರೆ ಕಾರಣ ಅವನ ಮನೆಮಾತು, ಸರಿ ಮಾಡಿದರೆ ಕಾರಣ ಅಭ್ಯಾಸ.

ಸ್ಪ್ಯಾನಿಷ್‌ನ ಭೂತಕಾಲದಲ್ಲಿ ಇದು ತಲೆಕೆಳಗಾಗುತ್ತದೆ. ಇಂಗ್ಲಿಷ್ ಪುಸ್ತಕಗಳು ಕೊಡುವ ಸೂತ್ರ ಸಾಮಾನ್ಯವಾಗಿ ಹೀಗಿರುತ್ತದೆ: ‘ನಿನ್ನೆ’ ಎಂದಿದ್ದರೆ ಮುಗಿದ ಭೂತ, ‘ಯಾವಾಗಲೂ’, ‘ಪ್ರತಿದಿನ’ ಎಂದಿದ್ದರೆ ಮುಗಿಯದ ಭೂತ. ಪರೀಕ್ಷೆಯ ಖಾಲಿ ಜಾಗ ತುಂಬಲು ಇದು ಸಾಕು. ಆದರೆ ‘ಆಯೆರ್ ಯೋಬಿಯಾ’ ಎಂಬ ವಾಕ್ಯವೂ ಸರಿ, ‘ಆಯೆರ್ ಯೋಬಿಯೋ’ ಎಂಬುದೂ ಸರಿ. ಎರಡರಲ್ಲೂ ‘ನಿನ್ನೆ’ ಇದೆ. ಸೂತ್ರ ನಂಬಿದವರು ಇಲ್ಲಿ ನಿಲ್ಲುತ್ತಾರೆ. ಕನ್ನಡದಲ್ಲಿ ಕೇಳಿಕೊಂಡರೆ ಮೊದಲನೆಯದು ‘ನಿನ್ನೆ ಮಳೆ ಬರುತ್ತಿತ್ತು’, ಎರಡನೆಯದು ‘ನಿನ್ನೆ ಮಳೆ ಬಂತು’. ‘ಬರುತ್ತಿತ್ತು’ ಎಂದರೆ ಕೇಳುವವರು ‘ಆಗ ಏನಾಯಿತು?’ ಎಂದು ಕಾಯುತ್ತಾರೆ. ‘ಬಂತು’ ಎಂದರೆ ಸುದ್ದಿ ಮುಗಿಯಿತು. ಇದೇ ಬೆಯ್ಯೋ ಹೇಳಿದ ಸಹಭೂತ.

ಹೆಚ್ಚು ಹೊತ್ತು ನಡೆದದ್ದಕ್ಕೆ ಮುಗಿಯದ ಭೂತ ಎಂಬ ಇನ್ನೊಂದು ತಪ್ಪು ತಿಳಿವಳಿಕೆಯೂ ಸಾಮಾನ್ಯ. ‘ಅವರು ಆ ಕಂಪನಿಯಲ್ಲಿ ಹತ್ತು ವರ್ಷ ದುಡಿದರು’ ಎನ್ನಲು ಸ್ಪ್ಯಾನಿಷ್ ಮುಗಿದ ಭೂತವನ್ನೇ ಕೇಳುತ್ತದೆ. ಹತ್ತು ವರ್ಷ ದೀರ್ಘವಾದರೂ ಅದಕ್ಕೆ ಗಡಿ ಬಿದ್ದಿದೆ. ಕನ್ನಡವೂ ‘ದುಡಿದರು’ ಎಂದೇ ಹೇಳುತ್ತದೆ. ‘ಹತ್ತು ವರ್ಷ ದುಡಿಯುತ್ತಿದ್ದರು’ ಎಂದರೆ ಕಿವಿಗೆ ಒಪ್ಪುವುದಿಲ್ಲ.

ಸ್ಪ್ಯಾನಿಷ್ ಪಠ್ಯಪುಸ್ತಕಗಳಲ್ಲಿ ‘ಅರ್ಥ ಬದಲಾಗುವ ಕ್ರಿಯಾಪದಗಳು’ ಎಂಬ ಪಟ್ಟಿಯೊಂದು ಬರುತ್ತದೆ. ಇಂಗ್ಲಿಷಿನ ಮೂಲಕ ಬಂದವರು ಇದನ್ನು ಬಾಯಿಪಾಠ ಮಾಡಬೇಕು. ‘ಸಾಬೇರ್’ ಧಾತುವಿಗೆ ‘ಸಾಬಿಯಾ’ ಎಂದರೆ ಒಂದು ಅರ್ಥ, ‘ಸುಪೆ’ ಎಂದರೆ ಇನ್ನೊಂದು. ಇಂಗ್ಲಿಷ್ ಇವೆರಡಕ್ಕೆ ಎರಡು ಬೇರೆ ಕ್ರಿಯಾಪದಗಳನ್ನು ಹುಡುಕುತ್ತದೆ. ಕನ್ನಡದಲ್ಲಿ ‘ಸಾಬಿಯಾ’ ಎಂದರೆ ‘ಗೊತ್ತಿತ್ತು’, ‘ಸುಪೆ’ ಎಂದರೆ ‘ಗೊತ್ತಾಯಿತು’. ಹಾಗೆಯೇ ‘ಕೊನೊಸಿಯಾ’ ಎಂದರೆ ‘ಪರಿಚಯವಿತ್ತು’, ‘ಕೊನೊಸಿ’ ಎಂದರೆ ‘ಪರಿಚಯವಾಯಿತು’. ಉರ್ದುವಿನ ‘ಮಾಲೂಮ್ ಥಾ’, ‘ಮಾಲೂಮ್ ಹುವಾ’ಗಳೂ ಹೀಗೆಯೇ. ಪುಸ್ತಕ ಅಪವಾದವೆಂದು ಕೊಡುವ ಪಟ್ಟಿ ಹೈದರಾಬಾದಿನ ಬೀದಿಯಲ್ಲಿ ದಿನಬಳಕೆಯ ನಿಯಮ.

ಹತ್ತಿರದ ಭೂತದ ವಿಷಯದಲ್ಲಿ ಸ್ಪ್ಯಾನಿಷ್ ತಾನೇ ಎರಡಾಗಿ ಒಡೆದಿದೆ. ಮ್ಯಾಡ್ರಿಡ್‌ನಲ್ಲಿ ಇಂದು ಬೆಳಗಿನ ತಿಂಡಿಯ ಬಗ್ಗೆ ಮಾತಾಡುವವರು ‘ಎ ದೆಸಾಯುನಾದೋ’ ಎನ್ನುತ್ತಾರೆ, ನಿನ್ನೆಯ ತಿಂಡಿಯ ಬಗ್ಗೆ ‘ದೆಸಾಯುನೇ’ ಎನ್ನುತ್ತಾರೆ. ಇಂದು ನಡೆದದ್ದಕ್ಕೆ ಒಂದು ರೂಪ, ಇಂದಿಗಿಂತ ಹಿಂದಿನದಕ್ಕೆ ಇನ್ನೊಂದು. ಸಂಸ್ಕೃತ ಓದಿದವರಿಗೆ ಈ ಗೆರೆ ಪರಿಚಿತ. ಪಾಣಿನಿ ಇಂದಿನದಲ್ಲದ ಭೂತಕ್ಕೆ ಲಙ್ ಲಕಾರವನ್ನು ಹೇಳಿ, ಅದನ್ನು ‘ಅನದ್ಯತನ’ ಎಂದು ಕರೆದ. ಮೆಕ್ಸಿಕೋದವರು ಮಾತ್ರ ಇಂದಿನ ತಿಂಡಿಗೂ ‘ದೆಸಾಯುನೇ’ ಎಂದೇ ಹೇಳುತ್ತಾರೆ. ಕನ್ನಡದಲ್ಲಿ ‘ಬೆಳಿಗ್ಗೆ ತಿಂಡಿ ತಿಂದೆ’ ಎನ್ನುವುದೂ ಅದೇ ರೀತಿ. ಸ್ಪೇನಿನ ಪುಸ್ತಕ ಹಿಡಿದ ಹೈದರಾಬಾದಿನ ವಿದ್ಯಾರ್ಥಿ ಇಲ್ಲಿ ತಪ್ಪಿದರೆ ಆ ತಪ್ಪು ಮೆಕ್ಸಿಕೋದಲ್ಲಿ ಸರಿ.

ಮನೆಮಾತು ಎಲ್ಲ ಕಡೆಯೂ ಕೈ ಹಿಡಿಯುವುದಿಲ್ಲ. ‘ಇರು’ ಧಾತುವಿನಲ್ಲಿ ಕನ್ನಡ ಕೈಬಿಡುತ್ತದೆ. ‘ಇತ್ತು’ ಎಂಬ ಒಂದೇ ರೂಪದ ಜಾಗದಲ್ಲಿ ಸ್ಪ್ಯಾನಿಷ್‌ಗೆ ‘ಎರಾ’, ‘ಫುಎ’, ‘ಎಸ್ತಾಬಾ’, ‘ಎಸ್ತುಬೋ’ ಎಂಬ ನಾಲ್ಕು ಬೇಕು. ‘ಸಿನಿಮಾ ಚೆನ್ನಾಗಿತ್ತು’ ಎಂಬ ಮಾತು ಸಿನಿಮಾದ ಗುಣವನ್ನು ಹೇಳುತ್ತದೋ ನೋಡಿ ಬಂದ ಸಂಜೆಯ ಅನುಭವವನ್ನು ಹೇಳುತ್ತದೋ ಎಂದು ಕನ್ನಡ ಕೇಳುವುದಿಲ್ಲ, ಸ್ಪ್ಯಾನಿಷ್ ಕೇಳುತ್ತದೆ. ಇದನ್ನು ಹೊಸದಾಗಿಯೇ ಕಲಿಯಬೇಕು. ‘ಫುಯಿ’ ಎಂಬುದು ‘ಹೋದೆ’ ಎಂಬುದಕ್ಕೂ ‘ಆಗಿದ್ದೆ’ ಎಂಬುದಕ್ಕೂ ಒಂದೇ ರೂಪವಾಗಿರುವುದನ್ನು ಒಪ್ಪಿಕೊಳ್ಳಬೇಕು. ರೂಪಗಳ ಕಷ್ಟಕ್ಕೆ ಮಾತ್ರ ಸಮಾಧಾನವಿದೆ. ಹೆಚ್ಚು ಬಳಕೆಯ ಧಾತುಗಳು ಮುಗಿದ ಭೂತದಲ್ಲಿ ಕೆಡುವುದು ಎರಡೂ ಭಾಷೆಗಳಲ್ಲಿದೆ: ಅಲ್ಲಿ ‘ತೆನೇರ್’ ಹೋಗಿ ‘ತುಬೆ’, ‘ದೆಸೀರ್’ ಹೋಗಿ ‘ದಿಹೆ’, ಇಲ್ಲಿ ‘ಬರು’ ಹೋಗಿ ‘ಬಂದೆ’, ‘ನಗು’ ಹೋಗಿ ‘ನಕ್ಕೆ’, ‘ಕೊಡು’ ಹೋಗಿ ‘ಕೊಟ್ಟೆ’. ಮುಗಿಯದ ಭೂತದಲ್ಲಿ ಸ್ಪ್ಯಾನಿಷ್‌ಗೆ ಮೂರೇ ಅಪವಾದ. ಕನ್ನಡದ ‘ಬರುತ್ತಿದ್ದೆ’, ‘ನಗುತ್ತಿದ್ದೆ’, ‘ಕೊಡುತ್ತಿದ್ದೆ’ಗಳೂ ಅಷ್ಟೇ ಸಾಧು.

ಸಂಶೋಧಕರೂ ಈ ಕಲಿಕೆಯ ಹಾದಿಯನ್ನು ಗಮನಿಸಿದ್ದಾರೆ. 1980ರ ದಶಕದಲ್ಲಿ ರೋಜರ್ ಆಂಡರ್‌ಸನ್ ಪೋರ್ಟೊ ರಿಕೋದಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಅಧ್ಯಯನ ಮಾಡಿದರು. ಒಡೆಯುವುದು, ಬೀಳುವುದು ಮುಂತಾದ ಕ್ಷಣದಲ್ಲಿ ಮುಗಿಯುವ ಕ್ರಿಯೆಗಳಿಗೆ ಮಕ್ಕಳು ಮೊದಲು ಮುಗಿದ ಭೂತವನ್ನು ಅಂಟಿಸುತ್ತಾರೆ. ಇರುವುದು, ಹೊಂದಿರುವುದು ಮುಂತಾದ ಸ್ಥಿತಿಗಳಿಗೆ ಮುಗಿಯದ ಭೂತ ಆಮೇಲೆ ಬರುತ್ತದೆ. ಒಂದೇ ಕ್ರಿಯೆಯನ್ನು ಎರಡೂ ಬಗೆಯಲ್ಲಿ ನೋಡಬಹುದು ಎಂಬ ಅರಿವು ಎಲ್ಲಕ್ಕಿಂತ ತಡವಾಗಿ ಮೂಡುತ್ತದೆ. ಆ ಅರಿವು ಕನ್ನಡದ ಮಗುವಿಗೆ ಅಜ್ಜಿಯ ಕಥೆಯಲ್ಲೇ ದಕ್ಕಿರುತ್ತದೆ. ರಾಜ ಇರುತ್ತಿದ್ದ, ದಿನಾ ಬೇಟೆಗೆ ಹೋಗುತ್ತಿದ್ದ. ಒಂದು ದಿನ ದಾರಿ ತಪ್ಪಿತು. ಎಲ್ಲಿ ‘ತ್ತಿದ್ದ’ ನಿಂತು ಕಥೆ ಹೊರಳುತ್ತದೆ ಎಂದು ಯಾರೂ ಅದಕ್ಕೆ ಹೇಳಿಕೊಡಬೇಕಿಲ್ಲ.

ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಕೂಡಿಬರುತ್ತದೆ ಎಂಬ ವಾದಕ್ಕೆ ಜಗತ್ತಿನ ಭಾಷಾ ಬೋಧಕರು ಇಂದಿಗೂ ನೆನೆಯುವ ಪ್ರಯೋಗ ಬೆಂಗಳೂರಿನ ಹೆಸರಿನದು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ‘ಬೆಂಗಳೂರು ಪ್ರಾಜೆಕ್ಟ್’ ಸೂತ್ರ, ಪುನರಾವರ್ತನೆಗಳನ್ನು ಬದಿಗಿಟ್ಟು, ವೇಳಾಪಟ್ಟಿ ನೋಡಿ ರೈಲು ಆರಿಸುವಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿತು. ಸ್ಪ್ಯಾನಿಷ್‌ನ ಭೂತಕಾಲಕ್ಕೆ ಇದೇ ದಾರಿ ಹಿಡಿದರೆ ಮೊದಲ ಕೆಲಸ ಕಷ್ಟದ್ದಲ್ಲ. ವಿದ್ಯಾರ್ಥಿ ತನ್ನ ಮನೆಮಾತಿನಲ್ಲಿ ಒಂದು ಕಥೆ ಹೇಳಿ, ಪ್ರತಿ ಕ್ರಿಯಾಪದದ ಎದುರು ಅದು ಯಾಕೆ ಹಾಗೆ ಬಂತು ಎಂದು ಕೇಳಿಕೊಂಡರೆ ಸಾಕು. ತೆಲುಗಿನವರಿಗೂ ಉರ್ದುವಿನವರಿಗೂ ಕನ್ನಡದವರಿಗೂ ಉತ್ತರ ಸಿಗುತ್ತದೆ.

ಇಂಗ್ಲಿಷ್ ಇಲ್ಲದೆ ಈ ವಿದ್ಯಾರ್ಥಿಗಳು ಸ್ಪ್ಯಾನಿಷ್‌ನ ಪುಸ್ತಕದವರೆಗೆ ಬರುತ್ತಿರಲಿಲ್ಲ ಎಂಬುದೂ ನಿಜ. ಆದರೆ ಹೊಸ್ತಿಲವರೆಗೆ ಕರೆತಂದವರೇ ಮನೆಯೊಳಗಿನ ಕೋಣೆಗಳನ್ನೂ ತೋರಿಸಬೇಕೆಂದಿಲ್ಲ. ಮಾಜಿ ಇಸ್ತಿಮ್ರಾರಿ ಎಂಬ ಹೆಸರು ಹೈದರಾಬಾದಿನ ಹೆಚ್ಚಿನ ತರಗತಿಗಳಿಂದ ಕಣ್ಮರೆಯಾಯಿತು. ಅದು ಹೆಸರಿಸುತ್ತಿದ್ದ ‘ಗಾತಾ ಥಾ’ ಬೀದಿಯಲ್ಲಿ ಹಾಗೆಯೇ ಉಳಿದಿದೆ. ‘ಹಾಡುತ್ತಿದ್ದ’ ಕೂಡ.